ಗವಾಕ್ಷಿ ಮುಚ್ಚಿದ ಮೇಲೆ

ಕೊಟ್ಟೂರು, ಕೂಡ್ಲಿಗಿ ಸೀಮೆಯಲ್ಲಿ ಮಣ್ಣಿನ ಮಾಳಿಗೆ ಮನೆ ಕಟ್ಟುತ್ತಿದ್ದ ಕಾಲದಲ್ಲಿ ಮನುಷ್ಯರು ಹೋಗಿಬರಲು ಒಂದು ಬಾಗಿಲು ಇಟ್ಟಂತೆ ಹೊಗೆ ಹೋಗಲು ಮಾಳಿಗೆಯಲ್ಲಿ ಒಂದು ಗವಾಕ್ಷಿ ಇಡುವುದು ಪದ್ಧತಿಯಾಗಿತ್ತು. ಹೊಗೆ ಬರುವುದು ಯಾರಿಗೂ ಬೇಡವಾದ್ದರಿಂದ ಅದು ಬರೀ ಹೋಗುವ ದಾರಿ. ಹೊಗೆಗೆ ಮಾತ್ರ ಈ ವ್ಯವಸ್ಥೆ ಅಷ್ಟಾಗಿ ಒಪ್ಪಿಗೆಯಾಗುತ್ತಿರಲಿಲ್ಲ. ಒಲೆಯಿಂದ ಎದ್ದು, ಅಡುಗೆಮನೆಯನ್ನೆಲ್ಲ ಸುತ್ತಿ, ದೇವರ ಕೋಣೆಗೆ ಹೋಗಿ ಕೈಮುಗಿದು, ಪಡಸಾಲೆಯಲ್ಲಿ ಕೂತ ಗಂಡಸರ ಯೋಗಕ್ಷೇಮ ವಿಚಾರಿಸಿ, ಜಂತಿಗೆ ಇನ್ನೊಂದು ಪದರ ಇಲ್ಲಣ ಹಚ್ಚಿ, ಆಮೇಲೆ ಮನಸ್ಸಾದರೆ ಗವಾಕ್ಷಿಯ ಕಡೆ ಹೋಗುತ್ತಿತ್ತು. ಮಳೆ ಬಂದಾಗ ಮಾಳಿಗೆ ಹತ್ತಿ ಗವಾಕ್ಷಿಯ ಮೇಲೆ ಕಲ್ಲುಬಂಡೆ ಎಳೆಯುವುದು ಮನೆಯ ಹುಡುಗರ ಕೆಲಸ. ನಮ್ಮ ಕಡೆ ಮಳೆ ಬರುವುದೇ ಅಪರೂಪ, ಹಾಗಾಗಿ ಆ ಕೆಲಸ ನನಗೆ ಹೊಂದುತ್ತಿತ್ತು.

ಈಗ ಆ ಮನೆ ಇಲ್ಲ. ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಎದ್ದಿದೆ. ಅಲ್ಯುಮಿನಿಯಂ ಚೌಕಟ್ಟಿನ ಸರಿಯುವ ಕಿಟಕಿ, ಕೆಳಗೆ ರಬ್ಬರ್ ಪಟ್ಟಿ ಹಚ್ಚಿದ ಬಾಗಿಲು, ಒಂದು ಕೋಣೆಗೆ ಎಸಿ. ಸೊಳ್ಳೆ ಬರಬೇಕಾದರೂ ನಮ್ಮನ್ನು ಕೇಳಿಯೇ ಬರಬೇಕು. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಮಗ ಇದನ್ನು ಸ್ಮಾರ್ಟ್ ಮನೆ ಮಾಡಬೇಕೆಂದು ಹಟ ಹಿಡಿದ. ಮನೆಯ ಯಜಮಾನನನ್ನು ಸ್ಮಾರ್ಟ್ ಮಾಡುವುದು ಕಷ್ಟವೆಂದು ಅವನಿಗೆ ಗೊತ್ತು, ಮನೆಯಾದರೂ ಆಗಲಿ ಎಂದಿರಬೇಕು. ದೀಪ, ಫ್ಯಾನು, ಬೋರಿನ ಮೋಟರು ಎಲ್ಲವನ್ನೂ ಫೋನಿಗೆ ಕಟ್ಟಿದ. ಕೊನೆಗೆ, "ಅಪ್ಪಾಜಿ, ಸ್ಮೋಕ್ ಡಿಟೆಕ್ಟರು, ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರು ಯಾವು ಬೇಕು ನೀವ ಆರಿಸ್ರಿ. ಹ್ಯಾಂಗೂ ಮನ್ಯಾಗ ಖಾಲಿ ಇರ್ತೀರಿ" ಎಂದ. ನಿವೃತ್ತ ಕನ್ನಡ ಮೇಷ್ಟ್ರನ್ನು ಯಾರಾದರೂ ಯಾವುದಕ್ಕಾದರೂ ನೇಮಿಸಿದರೆ ಅವನು ಅದನ್ನು ಪೀಠಾರೋಹಣವೆಂದೇ ತಿಳಿಯುತ್ತಾನೆ. ಆ ಕ್ಷಣದಿಂದ ನಾನು ಧೂಮಶೋಧನಾ ಸಮಿತಿಯ ಅಧ್ಯಕ್ಷ, ಕಾರ್ಯದರ್ಶಿ ಮತ್ತು ಏಕೈಕ ಸದಸ್ಯ.

"ಹೊಗೀನ ಇಲ್ಲದ ಮನಿಗೆ ಹೊಗಿ ಹುಡುಕೋ ಮಿಷನ್ನು ಯಾಕ್ರೀ?" ಎಂದಳು ನನ್ನಾಕೆ. ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉತ್ತರ ಹುಡುಕಲು ನಾನು ನೇರ ನ್ಯಾಯಶಾಸ್ತ್ರಕ್ಕೆ ಹೋದೆ, ಅಂಗಡಿಗೆ ಹೋಗುವ ಮುಂಚೆ ಶಾಸ್ತ್ರಕ್ಕೆ ಹೋಗುವುದರಿಂದ ದುಡ್ಡು ಉಳಿಯುತ್ತದೆ. ನಮ್ಮ ತಾರ್ಕಿಕರಿಗೆ ಹೊಗೆಯೆಂದರೆ ಬಲು ಪ್ರೀತಿ. ಅಲ್ಲಿ ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಬೆಂಕಿ ಇದೆ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಉದಾಹರಣೆಗೆ ಅಡುಗೆಮನೆ. ಇದೇ ಅವರ ಅನುಮಾನ ಪ್ರಮಾಣದ ಹೆಬ್ಬಾಗಿಲು. ಜಗತ್ತಿನ ಅಷ್ಟೊಂದು ಜಾಗಗಳಲ್ಲಿ ಪಂಡಿತರಿಗೆ ನೆನಪಾದದ್ದು ಅಡುಗೆಮನೆಯೇ ಎಂಬುದು ಅವರ ಹೆಂಡಂದಿರ ಪಾಡನ್ನೂ ತಿಳಿಸುತ್ತದೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ, ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕೆ? ಬೇಡ, ಕಾದು ಕೆಂಪಾದ ಕಬ್ಬಿಣದ ಗುಂಡನ್ನು ನೋಡಿ, ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯ ಸಂಯೋಗವಾಗಬೇಕು ಎಂದು ಅವರೇ ತಿದ್ದಿದರು. ಓದುವಾಗ ಪರೀಕ್ಷೆಗೆಂದು ಉರುಹೊಡೆದು ಮರುದಿನವೇ ಮರೆತಿದ್ದ ಈ ಮಾತು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂದೀತೆಂದು ಯಾರು ಕಂಡಿದ್ದರು? ಹೊಗೆ ಪತ್ತೆ ಮಾಡಲು ಒಂದು ಯಂತ್ರ, ಹೊಗೆಯಿಲ್ಲದ ಬೆಂಕಿಯ ವಿಷಕ್ಕೆ ಇನ್ನೊಂದು. ಎರಡು ಯಾಕೆ ಬೇಕೆಂಬುದಕ್ಕೆ ಅದೇ ಉತ್ತರ. ನನ್ನಾಕೆಗೆ ಇದನ್ನು ಸಾದ್ಯಂತ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಹಂಗಾರ ಎರಡು ತರಸ್ರಿ, ಮಾತು ಕಡಿಮಿ ಮಾಡ್ರಿ" ಎಂದಳು.

ತರಿಸುವುದು ಅಂದಷ್ಟು ಸುಲಭವಲ್ಲ. ಆನ್‌ಲೈನ್‌ನಲ್ಲಿ ವಿಳಾಸ ಹಾಕುವ ಕಡೆ ಜಿಲ್ಲೆಯ ಪಟ್ಟಿ ಬರುತ್ತದೆ. ನಮ್ಮದು ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಕೆಲವು ಪಟ್ಟಿಗಳು ಇನ್ನೂ ಬಳ್ಳಾರಿಯಲ್ಲೇ ಇವೆ. ನಮ್ಮ ಪಾಡು ಎಷ್ಟೋ ವಾಸಿ. ಹರಪನಹಳ್ಳಿಯ ನಮ್ಮ ಬೀಗರು ಕೂತ ಕಟ್ಟೆ ಬಿಟ್ಟು ಏಳದೆ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೆ, 2021ರಲ್ಲಿ ಬಳ್ಳಾರಿಯಿಂದ ವಿಜಯನಗರಕ್ಕೆ ಪ್ರಯಾಣ ಮಾಡಿದವರು. ನಗಿಸುವುದನ್ನೇ ಕಸುಬು ಮಾಡಿಕೊಂಡ ಬೀಚಿಯವರು 1913ರಲ್ಲಿ ಹುಟ್ಟಿದ್ದು ಆ ಊರಿನಲ್ಲೇ ಎಂಬುದನ್ನು ನೆನೆದರೆ ಅಲ್ಲಿಯ ಜನ ಇದನ್ನೆಲ್ಲ ತಡೆದುಕೊಂಡದ್ದು ಹೇಗೆಂದು ತಿಳಿಯುತ್ತದೆ.

ಇರಲಿ, ಹೊಗೆಗೆ ಬರೋಣ. ನಮ್ಮಾಕೆ ಹೇಳಿದಂತೆ ಹೊಗೆ ಇಲ್ಲವೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಒಲೆ ಹೋಯಿತು, ಕುಳ್ಳು ಹೋಯಿತು, ಊದುಗೊಳವೆ ಅಟ್ಟ ಸೇರಿತು. ಆದರೆ ಸಂಜೆಗೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ ಇಲ್ಲದಿದ್ದರೆ ಅದನ್ನು ಈ ಸೀಮೆಯ ಮನೆ ಎನ್ನಲಾಗದು. ಕಾದ ಎಣ್ಣೆಗೆ ಮೆಣಸಿನಕಾಯಿ ಬಿದ್ದಾಗ ಏಳುವ ಘಾಟು ಮೊದಲು ಮೂಗು, ಆಮೇಲೆ ಗಂಟಲು, ಆಮೇಲೆ ನೆರೆಮನೆ ಎಂಬ ಕ್ರಮದಲ್ಲಿ ಸಂಚರಿಸುತ್ತದೆ. ಶುಕ್ರವಾರ ಸಾಂಬ್ರಾಣಿ, ಪೀರಲ ಹಬ್ಬದಲ್ಲಿ ಲೋಬಾನ, ಕೂಸಿಗೆ ನೀರೆರೆದ ಮೇಲೆ ಬೆಳ್ಳುಳ್ಳಿ ಸಿಪ್ಪೆಯ ಧೂಪ. ಇನ್ನು ದೃಷ್ಟಿ ತೆಗೆಯುವುದು. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕುತ್ತಿದ್ದ ನಮ್ಮ ಅಜ್ಜಿಯ ವೈಜ್ಞಾನಿಕ ವಿಧಾನ ಇಂದಿನ ಎಲ್ಲ ಯಂತ್ರಗಳಿಗೂ ತಿರುಗುಮುರುಗು. ಘಾಟು ಬಂದು ಎಲ್ಲರೂ ಕೆಮ್ಮಿದರೆ ಏನೂ ಆಗಿಲ್ಲ, ಎಲ್ಲ ಕ್ಷೇಮ. ಘಾಟೇ ಬರದಿದ್ದರೆ ದೃಷ್ಟಿ ಆಗಿದೆ, ಗಾಬರಿಯಾಗಬೇಕು! ನಾನು ಕೆಮ್ಮಿದಷ್ಟೂ ಅಜ್ಜಿಗೆ ಸಮಾಧಾನ. ಏನೂ ವಾಸನೆ ಬಾರದಿದ್ದಾಗಲೇ ಅಂಜಬೇಕೆಂಬ ಆ ತತ್ವ ಎಷ್ಟು ಗಹನವೆಂಬುದು ನನಗೆ ಕಾರ್ಬನ್ ಮೊನಾಕ್ಸೈಡಿನ ಬಗ್ಗೆ ಓದುವಾಗ ಹೊಳೆಯಿತು. ಅದಕ್ಕೆ ಇನ್ನೊಂದಿಷ್ಟು ತಾಳಿ.

ಹೊಗೆ ಹಿಡಿಯುವ ಯಂತ್ರದಲ್ಲಿ ಎರಡು ಪಂಗಡ. ಅಯಾನೈಸೇಶನ್ ಪಂಗಡದಲ್ಲಿ ಅಮೆರಿಸಿಯಂ ಎಂಬ ವಿಕಿರಣ ಧಾತು ಕಣ್ಣಿಗೆ ಕಾಣದಷ್ಟು ಇರುತ್ತದೆ. ಅದು ಒಳಗಿನ ಗಾಳಿಯಲ್ಲಿ ಒಂದಿಷ್ಟು ವಿದ್ಯುತ್ತು ಹರಿಯುವಂತೆ ಮಾಡಿರುತ್ತದೆ. ಹೊಗೆ ಹೊಕ್ಕರೆ ಆ ಹರಿವು ಕುಗ್ಗುತ್ತದೆ, ಯಂತ್ರ ಕೂಗುತ್ತದೆ. ಇದರ ಹುಟ್ಟಿನ ಕತೆ ಚೆನ್ನಾಗಿದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ಎಂಬಾತ ವಿಷಾನಿಲ ಪತ್ತೆ ಮಾಡುವ ಯಂತ್ರ ಮಾಡಲು ಹೊರಟ. ಯಂತ್ರ ವಿಷಾನಿಲಕ್ಕೆ ಜಪ್ಪಯ್ಯ ಅನ್ನಲಿಲ್ಲ. ಬೇಸತ್ತು ಸಿಗರೇಟು ಹಚ್ಚಿದಾಗ ಮುಳ್ಳು ಅಲುಗಾಡಿತಂತೆ. ಸೋತು ಬೀಡಿ ಹಚ್ಚುವವರಿಗೆ ನಮ್ಮಲ್ಲೂ ಬರವಿಲ್ಲ, ಅವರ ಮುಂದೆ ಯಂತ್ರ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಅಮೆರಿಸಿಯಂ ಅರ್ಧ ಕರಗಲು 432 ವರ್ಷ ಬೇಕು. 1565ರಲ್ಲಿ ಹಂಪಿ ಹಾಳಾದ ದಿನ ಯಾರಾದರೂ ಇದನ್ನು ಅಲ್ಲಿ ಹೂತಿಟ್ಟಿದ್ದರೆ ಈಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕರಗಿರುತ್ತಿತ್ತು. ಇಷ್ಟು ದೀರ್ಘಾಯುಷಿಯಾದ ಪದಾರ್ಥವನ್ನು ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರವನ್ನು ಮಾತ್ರ ಹತ್ತು ವರ್ಷಕ್ಕೆ ಬದಲಿಸಬೇಕು.

ಇನ್ನೊಂದು ಪಂಗಡ ಫೋಟೋಎಲೆಕ್ಟ್ರಿಕ್. ಅದರ ಕೆಲಸ ಓದಿದಾಗ ನನಗೆ ನಮ್ಮ ಹಳೇ ಅಡುಗೆಮನೆಯೇ ಕಣ್ಣಿಗೆ ಕಟ್ಟಿತು. ಬೆಳಗಿನ ಹೊತ್ತು ಗವಾಕ್ಷಿಯಿಂದ ಬಿಸಿಲಿನ ಕೋಲೊಂದು ಓರೆಯಾಗಿ ಇಳಿದು, ರೊಟ್ಟಿ ಬಡಿಯುವ ಕೊಣಮಿಗೆಯ ಪಕ್ಕ ನೆಲದ ಮೇಲೆ ಬೆಳ್ಳಿ ರೂಪಾಯಿಯಷ್ಟು ಅಗಲ ಬೀಳುತ್ತಿತ್ತು. ಅವ್ವ ಒಲೆ ಹಚ್ಚುವ ತನಕ ಆ ಕೋಲು ಅಷ್ಟಾಗಿ ಕಾಣುತ್ತಿರಲಿಲ್ಲ, ನೆಲದ ಮೇಲಿನ ಬಿಲ್ಲೆ ಮಾತ್ರ ಕಾಣುತ್ತಿತ್ತು. ಒಂದು ಕುಳ್ಳು ಹೊತ್ತಿಕೊಂಡರೆ ಸಾಕು, ನೀಲಿ ಹೊಗೆ ಅದರೊಳಗೆ ಸುರುಳಿ ಸುರುಳಿಯಾಗಿ ಏರುತ್ತ, ಮಾಳಿಗೆಯಿಂದ ನೆಲದ ತನಕ ಕೋಲು ಪೂರ್ತಿ ಬೆಳಗಿಬಿಡುತ್ತಿತ್ತು. ನಾನು ಅದರೊಳಗೆ ಕೈ ಆಡಿಸುತ್ತ, ರೊಟ್ಟಿ ಆರಿಹೋದರೂ ಏಳದೆ ಕೂತು ಬೈಸಿಕೊಳ್ಳುತ್ತಿದ್ದೆ. ಫೋಟೋಎಲೆಕ್ಟ್ರಿಕ್ ಯಂತ್ರದ ಕತ್ತಲ ಗೂಡಿನಲ್ಲೂ ನಡೆಯುವುದು ಇಷ್ಟೇ. ಒಂದು ಬೆಳಕಿನ ಕೋಲು ಸಾಗುತ್ತಿರುತ್ತದೆ, ಬದಿಯಲ್ಲೊಂದು ಕಣ್ಣು ಕತ್ತಲೆಯನ್ನು ನೋಡುತ್ತ ಕೂತಿರುತ್ತದೆ, ಹೊಗೆ ಬಂದು ಬೆಳಕು ಚದುರಿದಾಗ ಆ ಕಣ್ಣಿಗೆ ಕಾಣುತ್ತದೆ. ಧಗ್ಗೆಂದು ಉರಿಯುವ ಬೆಂಕಿಯನ್ನು ಅಯಾನೈಸೇಶನ್ ಬೇಗ ಹಿಡಿಯುತ್ತದೆ. ಗಾದಿಗೆ ಕಿಡಿ ಬಿದ್ದು ಗಂಟೆಗಟ್ಟಲೆ ಕುಮುಲುವ ಬೆಂಕಿಯನ್ನು ಫೋಟೋಎಲೆಕ್ಟ್ರಿಕ್ ಬೇಗ ಹಿಡಿಯುತ್ತದೆ. ಒಗ್ಗರಣೆಗೆ ಸುಮ್ಮಸುಮ್ಮನೆ ಅರಚಿಕೊಳ್ಳುವ ಚಾಳಿ ಮೊದಲನೆಯದಕ್ಕೇ ಹೆಚ್ಚು. ಗವಾಕ್ಷಿಯ ಪಕ್ಷಪಾತ ಒಂದು ಕಡೆ, ಮಿರ್ಚಿಯ ಭವಿಷ್ಯ ಒಂದು ಕಡೆ, ಸಮಿತಿ ಒಮ್ಮತದಿಂದ ಫೋಟೋಎಲೆಕ್ಟ್ರಿಕ್ ಆರಿಸಿತು. ಅದೂ ಒಲೆಯಿಂದ ಹತ್ತಡಿ ದೂರ, ಪಡಸಾಲೆಯಲ್ಲಿ ಮತ್ತು ಮಲಗುವ ಕೋಣೆಗಳಲ್ಲಿ. ಅಡುಗೆಮನೆಗೆ ಹೊಗೆಯ ಗೊಡವೆಗೇ ಹೋಗದ, ಬರೀ ಬಿಸಿ ನೋಡುವ ಹೀಟ್ ಡಿಟೆಕ್ಟರ್. ಅದು ಸಾಮಾನ್ಯವಾಗಿ 57 ಡಿಗ್ರಿಗೆ ಎಚ್ಚರಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲು 40 ದಾಟಿದರೂ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಅಮೆರಿಕದ ಬಹಳಷ್ಟು ಅಲಾರ್ಮುಗಳ ಪೆಟ್ಟಿಗೆಯ ಮೇಲೆ ಮಾತ್ರ 4ರಿಂದ 38 ಡಿಗ್ರಿಯೊಳಗೆ ಬಳಸಿ ಎಂದು ಬರೆದಿರುತ್ತದೆ. ಹಾಗಾದರೆ ಅವು ನಮ್ಮ ಕಡೆ ಬೇಸಿಗೆ ರಜೆ ಹಾಕಬೇಕಾಗುತ್ತದೆ. ಪೆಟ್ಟಿಗೆ ತಿರುಗಿಸಿ ಆ ಸಾಲು ಓದದೆ ಕೊಳ್ಳಬೇಡಿ.

ಇನ್ನು ಹೊಗೆಯಿಲ್ಲದ ಬೆಂಕಿ. ನಮ್ಮ ಅಕ್ಕನ ಬಾಣಂತನ ನಡೆದದ್ದು ಹಳೇ ಮನೆಯ ಒಳಕೋಣೆಯಲ್ಲಿ. ಬಾಣಂತಿಗೆ ಗಾಳಿ ತಾಕಬಾರದೆಂಬುದು ಅಜ್ಜಿಯ ಸಂವಿಧಾನದ ಮೊದಲ ವಿಧಿ. ಕಿಟಕಿಯ ಸಂದಿಗೆ ಹಳೇ ಸೀರೆ ತುರುಕಿ, ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಸರಿಸುತ್ತಿದ್ದರು. ಕೆಂಡವೆಂದರೆ ನಿಗಿನಿಗಿ ಕೆಂಡ, ಹೊಗೆಯ ಎಳೆಯೂ ಇಲ್ಲ. ತಾರ್ಕಿಕರ ಕಬ್ಬಿಣದ ಗುಂಡಿನ ತಮ್ಮನೇ ಅನ್ನಿ. ಅಕ್ಕ ಬೆಳಗ್ಗೆ ಎದ್ದು ತಲೆ ಸಿಡೀತದ, ವಾಕರಿಕಿ ಬರ್ತದ ಅನ್ನುವಳು. ಅಜ್ಜಿ ದೃಷ್ಟಿ ತೆಗೆಯಲು ಮತ್ತೆ ಕೆಂಡ ತರುವಳು. ಸಾಕಷ್ಟು ಗಾಳಿ ಸಿಗದೆ ಇದ್ದಿಲು ಅರೆಬರೆ ಉರಿದಾಗ ಹುಟ್ಟುವುದೇ ಕಾರ್ಬನ್ ಮೊನಾಕ್ಸೈಡು. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿ ಇಲ್ಲ, ಕೆಮ್ಮು ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮಿಕ್ಕಿದ ಮೋಹ ಇದರ ಮೇಲೆ. ಒಮ್ಮೆ ಅಪ್ಪಿಕೊಂಡರೆ ಬಿಡದು, ಆಮ್ಲಜನಕ ಹೊರಗೇ ನಿಲ್ಲಬೇಕು. ಅಜ್ಜಿ ಸಂದಿಗೆ ಎಷ್ಟೇ ಸೀರೆ ತುರುಕಿದರೂ ಮಾಳಿಗೆಯ ಗವಾಕ್ಷಿಯನ್ನು ಮುಚ್ಚಲಾಗಲಿಲ್ಲ, ಬಾಗಿಲ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಇತ್ತು. ಅಕ್ಕ ಈಗ ಹಗರಿಬೊಮ್ಮನಹಳ್ಳಿಯಲ್ಲಿ ಮೊಮ್ಮಕ್ಕಳನ್ನು ಗದರಿಕೊಂಡು ಸುಖವಾಗಿದ್ದಾಳೆ. ಅದೇ ಅಗ್ಗಿಷ್ಟಿಗೆಯನ್ನು ರಬ್ಬರ್ ಪಟ್ಟಿಯ ಬಾಗಿಲಿರುವ ನನ್ನ ಹೊಸ ಮನೆಯಲ್ಲಿ ಇಟ್ಟರೆ ಏನಾಗುತ್ತದೆಂದು ನೆನೆಯಲೂ ಮನಸ್ಸಾಗದು. ಚಳಿಗೆ ಇದ್ದಿಲು ಹಚ್ಚಿ ಬಾಗಿಲು ಹಾಕಿ ಮಲಗಿದವರು, ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ತಿರುಗಿ ಏಳದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ನನ್ನನ್ನು ಕೇಳಿದರೆ ಹೊಗೆಯ ಯಂತ್ರಕ್ಕಿಂತ ಇದೇ ಮೊದಲು ಬೇಕಾದದ್ದು. ಹೊಗೆಯನ್ನು ಎಚ್ಚರಿರುವ ಯಾವ ಮೂಗೂ ಹಿಡಿದೀತು, ಇದನ್ನು ಹಿಡಿಯುವ ಮೂಗು ಮನುಷ್ಯನಿಗೆ ಇಲ್ಲ. ಇಂಗ್ಲೆಂಡಿನ ಗಣಿಗಳಲ್ಲಿ ಇದಕ್ಕೆಂದೇ ಪಂಜರದ ಕೆನರಿ ಹಕ್ಕಿ ಒಯ್ಯುತ್ತಿದ್ದರು. 1890ರ ದಶಕದಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಕೊಟ್ಟ ಸಲಹೆ ಅದು, 1986ರ ತನಕ ನಡೆಯಿತು. ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರದ ಕೆರೆಗೆ ಬೇಕಾದಷ್ಟು ಹಕ್ಕಿ ಬರುತ್ತವೆ ನಿಜ, ಆದರೆ ಅವನ್ನು ಈ ಕೆಲಸಕ್ಕೆ ಕರೆಯುವುದು ಧರ್ಮವಲ್ಲ.

ಅಂಗಡಿಯವರು "ಗ್ಯಾಸ್ ಡಿಟೆಕ್ಟರು" ಎಂದು ಒಂದೇ ಹೆಸರಿನಲ್ಲಿ ಏನೇನೋ ಕೊಡುತ್ತಾರೆ. ಸಿಲಿಂಡರ್ ಸೋರಿದರೆ ಕೂಗುವುದೇ ಬೇರೆ, ಕಾರ್ಬನ್ ಮೊನಾಕ್ಸೈಡಿಗೆ ಕೂಗುವುದೇ ಬೇರೆ. ಒಂದರ ಭಾಷೆ ಇನ್ನೊಂದಕ್ಕೆ ಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ಆದ್ದರಿಂದ ಅದರ ಯಂತ್ರ ನೆಲದಿಂದ ಒಂದಡಿ ಎತ್ತರದಲ್ಲಿ. ಕಾರ್ಬನ್ ಮೊನಾಕ್ಸೈಡು ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ, ಎಲ್ಲದರಲ್ಲೂ ಬೆರೆಯುವ ಗುಣ, ಹಾಗಾಗಿ ಮಲಗುವ ಕೋಣೆಯ ಹತ್ತಿರ, ಗೀಸರ್ ಇರುವ ಕಡೆ. ಅಮೆರಿಕದ ಯುಎಲ್ 2034 ಎಂಬ ಮಾನದಂಡದ ಪ್ರಕಾರ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ 70 ಪಾಲು ಇದ್ದರೆ ಯಂತ್ರ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗಬೇಕು, 150 ಇದ್ದರೆ 10ರಿಂದ 50 ನಿಮಿಷ, 400 ಇದ್ದರೆ 4ರಿಂದ 15 ನಿಮಿಷ. ಇಷ್ಟು ನಿಧಾನವೇಕೆ ಎಂದರೆ ದೇಹಕ್ಕೆ ವಿಷವೇರುವುದೂ ಅದೇ ಲೆಕ್ಕದಲ್ಲಿ. ಸುಮ್ಮನೆ ಒಂದು ಗಳಿಗೆ ಏರಿ ಇಳಿದದ್ದಕ್ಕೆಲ್ಲ ಅರಚಿದರೆ ಜನ ಅದರ ಬ್ಯಾಟರಿ ಕಿತ್ತುಹಾಕುತ್ತಾರೆ. ನಮ್ಮ ಜನ ಹೋಗಲಿ, ಅಮೆರಿಕದವರೂ ಕೀಳುತ್ತಾರೆ.

ಮನೆಯ ಬುದ್ಧಿಯ ಮಾತಿಗೆ ಬಂದರೆ ನನಗೂ ಮಗನಿಗೂ ಸಣ್ಣ ಯುದ್ಧವೇ ಆಯಿತು. ಅವನಿಗೆ ಎಲ್ಲವೂ ಇಂಟರ್ನೆಟ್ಟಿನ ಮೂಲಕ ಹೋಗಿ ಫೋನಿಗೆ ಬರಬೇಕು. "ಯಪ್ಪಾ, ನಮ್ಮೂರಾಗ ನೆಟ್ಟು ಯಾವಾಗ ಇರ್ತದ, ಕರೆಂಟು ಯಾವಾಗ ಇರ್ತದ? ಬೆಂಕಿ ಬೀಳಾಕ ಅವೆರಡೂ ಬರೋತನಕ ಕಾಯ್ತದೇನು?" ಎಂದೆ. ಒಪ್ಪಂದ ಹೀಗಾಯಿತು: ಯಂತ್ರ ಮೊದಲು ತನ್ನ ಬ್ಯಾಟರಿಯಲ್ಲಿ ತಾನೇ ಮನೆಯೊಳಗೆ ಕೂಗಬೇಕು, ಒಂದು ಕೂಗಿದರೆ ಉಳಿದವು ರೇಡಿಯೋದಲ್ಲೇ ಕೇಳಿಸಿಕೊಂಡು ಕೂಗಬೇಕು, ಬೆಂಗಳೂರಿಗೆ ಸುದ್ದಿ ಹೋಗುವುದು ಆಮೇಲೆ. ಜಿಗ್ಬೀ ಎಂಬ ರೇಡಿಯೋ ಭಾಷೆ ಲೋಕಕ್ಕೆಲ್ಲ 2.4 ಗಿಗಾಹರ್ಟ್ಸ್, ತೊಂದರೆಯಿಲ್ಲ. ಜೀ-ವೇವ್ ಎಂಬುದು ಹಾಗಲ್ಲ, ಅಮೆರಿಕದಲ್ಲಿ 908 ಮೆಗಾಹರ್ಟ್ಸ್, ಭಾರತದಲ್ಲಿ 865. ನ್ಯೂಜೆರ್ಸಿಯ ಅಳಿಯ ಸೂಟ್‌ಕೇಸಿನಲ್ಲಿ ಪ್ರೀತಿಯಿಂದ ತಂದ ಯಂತ್ರ ನಮ್ಮ ಮನೆಯ ಯಂತ್ರಗಳನ್ನೆಲ್ಲ ಜೋಡಿಸುವ ಹಬ್ ಪೆಟ್ಟಿಗೆಯ ಜೊತೆ ಮಾತೇ ಆಡದು, ಗೋಡೆಯ ವಿದ್ಯುತ್ತಿನ ಮಾದರಿಯಾದರೆ ಅಲ್ಲಿಯ 120 ವೋಲ್ಟಿಗೂ ನಮ್ಮ 230ಕ್ಕೂ ಅಜಗಜಾಂತರ. ಬರೀ ಕಂಪನಿಯ ಆ್ಯಪ್ ನಂಬಿ ಕೂರುವುದೂ ಬೇಡವೆಂದೆ. 2013ರಲ್ಲಿ ಜಗತ್ತೆಲ್ಲ ಕೊಂಡಾಡಿದ ನೆಸ್ಟ್ ಪ್ರೊಟೆಕ್ಟ್ ಎಂಬ ಬುದ್ಧಿವಂತ ಅಲಾರ್ಮನ್ನು ಗೂಗಲ್ 2025ರಲ್ಲಿ ನಿಲ್ಲಿಸಿಬಿಟ್ಟಿತು.

ಕೂಗಿನಲ್ಲೂ ವ್ಯಾಕರಣವಿದೆ. ಹೊಗೆಯಾದರೆ ಮೂರು ಸಲ ಕೂಗಿ ನಿಲುಗಡೆ, ಕಾರ್ಬನ್ ಮೊನಾಕ್ಸೈಡಾದರೆ ನಾಲ್ಕು ಸಲ, ನಡುನಡುವೆ ಒಂದೊಂದೇ ಕಿಚ್ ಎಂದರೆ ಬ್ಯಾಟರಿ ಮುಗಿಯುತ್ತಿದೆ. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ನೋಡಿದವರಿಗೆ ಇದು ಹೊಸದಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ, ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದರೆ ಲಕ್ಷಾಂತರ ಜನ ಗಪ್‌ಚಿಪ್. ಒಂದೇ ಸಾಲು ನುಡಿದು ಅವನು ಬಿದ್ದುಬಿಡುತ್ತಾನೆ. ಆಮೇಲೆ ವರ್ಷಪೂರ್ತಿ ಅದು ಮಳೆಯ ಮಾತೋ, ಬೆಳೆಯ ಮಾತೋ, ಮುಖ್ಯಮಂತ್ರಿ ಕುರ್ಚಿಯ ಮಾತೋ ಎಂದು ನಮ್ಮ ಕಟ್ಟೆಗಳಲ್ಲಿ ವ್ಯಾಖ್ಯಾನ. ಯಂತ್ರದ ನುಡಿಗೆ ಅಷ್ಟು ವ್ಯಾಖ್ಯಾನ ಮಾಡುತ್ತ ಕೂರಲಾಗದು. ನಾಲ್ಕು ಕೇಳಿದರೆ ಗೀಸರ್, ಒಲೆ ಏನು ಉರಿಯುತ್ತಿದೆಯೋ ಅದನ್ನು ಆರಿಸಿ, ಬಾಗಿಲು ತೆರೆದು ಅಂಗಳಕ್ಕೆ ನಡೆ ಎಂದು ಅಡುಗೆಮನೆ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇನೆ. ನನ್ನಾಕೆ ಅದರ ಕೆಳಗೆ ಹಾಲಿನ ಲೆಕ್ಕ ಬರೆಯುತ್ತಾಳೆ.

ಯಂತ್ರಗಳು ಬಂದು ಕೂತವು. ಕೆಮ್ಮಣ್ಣಿನ ಧೂಳು, ಜೇಡ, ಬೆಳಕಿಗೆ ಬರುವ ಹುಳ ಒಳಹೊಕ್ಕರೂ ಫೋಟೋಎಲೆಕ್ಟ್ರಿಕ್ ಕಣ್ಣಿಗೆ ಹೊಗೆಯಂತೆಯೇ ಕಂಡೀತು, ಹಾಗಾಗಿ ತಿಂಗಳಿಗೊಮ್ಮೆ ಸ್ಟೂಲು ಹತ್ತಿ ಬ್ರಷ್ಷಿನಿಂದ ಝಾಡಿಸಿ, ಗುಂಡಿ ಒತ್ತಿ ಕೂಗಿಸಿ ನೋಡುವ ಕೆಲಸ ನನ್ನದು. ಗೃಹಪ್ರವೇಶದ ಹೋಮದ ದಿನ ಅವಕ್ಕೆಲ್ಲ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ ಮುಚ್ಚಿದ್ದೆವು. ಸ್ವಾಹಾಕಾರಕ್ಕೆ ಅವು ದನಿಗೂಡಿಸಿದ್ದರೆ ಅಯ್ಯನವರು ದಕ್ಷಿಣೆ ಹೆಚ್ಚಿಗೆ ಕೇಳುತ್ತಿದ್ದರು. ಸಂಜೆ ಟೊಪ್ಪಿಗೆ ತೆಗೆಯುವುದನ್ನು ಮಾತ್ರ ಮಗ ಎರಡೆರಡು ಸಲ ಎಣಿಸಿ ತೆಗೆದ.

ಕೊನೆಗೆ ಉಳಿದದ್ದು ಆ್ಯಪಿನಲ್ಲಿ ತುರ್ತು ಕರೆಗೆ ಹೆಸರು ಸೇರಿಸುವುದು. ಮಗ ತನ್ನ ನಂಬರನ್ನೇ ಮೊದಲು ಹಾಕಿದ. ಅವನಿರುವುದು ಒಂದು ರಾತ್ರಿ ಬಸ್ಸಿನ ದೂರದಲ್ಲಿ, ಅವನಿಗೆ ಸುದ್ದಿ ತಿಳಿದು ಅವನು ಮಾಡುವುದಾದರೂ ಏನು, ತಿರುಗಿ ನನಗೇ ಫೋನು ಮಾಡುವುದು. ಎರಡನೆಯದು 112, ಅದು ಸರಿ. ಮೂರನೆಯದು ಎದುರುಮನೆ ಕಾಕಾನದು ಎಂದೆ. ಕಾಕಾನ ಫೋನು ಬಹುಪಾಲು ದಿಂಬಿನ ಕೆಳಗೆ ಇರುತ್ತದೆ. ಆದರೂ ವಿಷಯ ತಿಳಿಸಿ ಅಪ್ಪಣೆ ಕೇಳೋಣವೆಂದು ಹೋದೆ. "ಬೆಂಕಿ ಬಿದ್ರ ನಿನಗ ಫೋನ್ ಬರ್ತದ ಕಾಕಾ, ಓಡಿಬಾ" ಎಂದೆ. ಕಾಕಾ ಎಲೆಗೆ ಸುಣ್ಣ ಸವರುತ್ತ, "ಫೋನ್ ಯಾಕ ಬೇಕೋ? ನಿಮ್ಮ ಮನ್ಯಾಗ ಮಿರ್ಚಿ ಬಿಟ್ರ ನನಗ ಇಲ್ಲಿ ಗೊತ್ತಾಗ್ತದ. ಇವತ್ತು ಮೂರೂವರಿಗೇ ಎಣ್ಣಿ ಇಟ್ಟೀರಿ, ಯಾರು ಬಂದಾರ ಊರಿಂದ?" ಎಂದು ಕೇಳಿದ.